ಹೆಗಲಿಗೆ ಬಿದ್ದ ಮೇಲೆ ದುಡ್ಡು

ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡಿದೆ. ಕಂಬಳಿ ಕೊಂಡವರ ಹೆಗಲಿಗೆ ಬೀಳುವ ತನಕ ನಾವು ದುಡ್ಡು ಮುಟ್ಟುವುದಿಲ್ಲ. ಕೊಟ್ಟೂರಿನಲ್ಲಿ ಕುಳಿತು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ನಾನು, ಕೋಗಳಿಯ ದ್ಯಾಮಕ್ಕ ದೊಡ್ಡವ್ವನ ಕಂಬಳಿಗೂ ಒಂದು ಮಾಡಲು ಹೊರಟಾಗ ಅವಳು ಹಾಕಿದ ಷರತ್ತೂ ಅದೇ.

ಆನ್‌ಲೈನಿನಲ್ಲಿ ಮೊದಲು ದುಡ್ಡು, ಆಮೇಲೆ ಮಾಲು. ದೊಡ್ಡವ್ವನಿಗೆ ಅದು ಸೇರದು. ಹಾಗಾಗಿ ನಾಲ್ಕು ಪೇಮೆಂಟ್ ಕಂಪನಿಗಳನ್ನು ತೂಗಿ ನೋಡಿ, ಗಿರಾಕಿಯ ದುಡ್ಡನ್ನು ನಡುವೆ ಹಿಡಿದಿಟ್ಟು ನಾನು ಗುಂಡಿ ಒತ್ತಿದ ಮೇಲಷ್ಟೇ ನಮಗೆ ಕೊಡುವ ಒಂದನ್ನು ಆರಿಸಿದೆ. ಬಹಳ ಜಾಣನಾದೆ ಎಂದುಕೊಂಡೆ.

ದೊಡ್ಡವ್ವ ನೂಲುವುದನ್ನು ನಿಲ್ಲಿಸಿ ಕೇಳಿದಳು: "ನಡುವಿನಾಂವ ಎಷ್ಟ್ ದಿನ ಹಿಡ್ಕಂತಾನ?"

"ಎಷ್ಟ್ ದಿನ ಬೇಕಾದ್ರೂ ಹಿಡ್ಕಂತಾನ, ದೊಡ್ಡವ್ವ."

ಕಂಪನಿಯ ನಿಯಮ ಓದಿ ಹೇಳಿದ ಮಾತಲ್ಲ. ಪರೀಕ್ಷೆಗೆಂದು ನನ್ನದೇ ಹತ್ತು ರೂಪಾಯಿ ಹಾಕಿ, ಮರುನಿಮಿಷ ಗುಂಡಿ ಒತ್ತಿದ್ದೆ. ದುಡ್ಡು ಬಂದಿತ್ತು. ಅಷ್ಟಕ್ಕೇ ಮೀಸೆ ತಿರುವಿಕೊಂಡಿದ್ದೆ.

ಒಂಬತ್ತು ಕಂಬಳಿಗೆ ಆರ್ಡರ್ ಬಂತು. ವರ್ಷವೂ ಉಣ್ಣೆ ಒಯ್ಯುತ್ತಿದ್ದ ವ್ಯಾಪಾರಿ ಚನ್ನಬಸವನನ್ನು ದೊಡ್ಡವ್ವ ಬಾಗಿಲಿಂದಲೇ ವಾಪಸು ಕಳಿಸಿದಳು. "ನಮ್ಮ ಹುಡುಗ ಮಾರ್ತಾನ, ಈ ಸಲ ಬ್ಯಾಡ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಇಡೀ ವರ್ಷದ ಉಣ್ಣೆಯನ್ನು ನನ್ನ ಮಾತಿನ ಮೇಲೆ ಉಳಿಸಿಕೊಂಡಳು. ಅಜ್ಜಯ್ಯ ದೊಡ್ಡಪ್ಪ, ಅಕ್ಕಪಕ್ಕದ ಇನ್ನೆರಡು ಮಗ್ಗದವರು ಸೇರಿ ಹದಿನೆಂಟು ದಿನದಲ್ಲಿ ಒಂಬತ್ತನ್ನೂ ನೇಯ್ದರು. ಪಾರ್ಸೆಲ್ ಮಾಡಿ ಕಳಿಸಿದೆ.

ಕೊನೆಯ ಕಂಬಳಿ ಹಡಗಲಿಯ ಗಿರಾಕಿಯನ್ನು ಮುಟ್ಟಿದ ದಿನ ಕೋಗಳಿಗೆ ಹೋಗಿ, ದೊಡ್ಡವ್ವನ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದೆ. ಗುಂಡಿ ಒತ್ತುವುದನ್ನು ಅವಳು ನೋಡಲಿ ಎಂದು ಆಸೆ.

ಗುಂಡಿಯೇ ಇರಲಿಲ್ಲ.

ಅದಿರಬೇಕಾದ ಜಾಗದಲ್ಲಿ ಒಂಬತ್ತು ಸಾಲುಗಳು. ಒಂಬತ್ತರ ಮುಂದೆಯೂ ದುಡ್ಡು ಗಿರಾಕಿಗೆ ವಾಪಸಾಗಿದೆ ಎಂದಿತ್ತು. ಪುಟವನ್ನು ಮತ್ತೆ ಮತ್ತೆ ತೆರೆದೆ. ಕಂಪನಿಯ ನಿಯಮ ಹುಡುಕಿದರೆ ಒಂದೇ ಒಂದು ಸಾಲು: ಐದು ದಿನದೊಳಗೆ ಒಪ್ಪಿಕೊಳ್ಳದ ದುಡ್ಡು ತಾನಾಗಿಯೇ ಮರಳುತ್ತದೆ. ಕಂಬಳಿ ಇನ್ನೂ ಮಗ್ಗದ ಮೇಲಿದ್ದಾಗಲೇ ದುಡ್ಡು ಹೋಗಿತ್ತು. ಕಂಪನಿಯ ಮೇಲ್‌ಗಳನ್ನೆಲ್ಲ ಕಾಟವೆಂದು ಬೇರೆ ಕಡೆ ತಳ್ಳಿದ್ದವನೂ ನಾನೇ.

"ಏನಾತು ತಮ್ಮಾ?"

ಹೇಳಿದೆ. ಒಂಬತ್ತೂ ಮಂದಿಗೆ ಫೋನ್ ಹಚ್ಚಿದೆ. ನಾಲ್ವರು ಕೊಡುತ್ತೇವೆ ಎಂದರು. ಮೂವರು ಎತ್ತಲಿಲ್ಲ. ಒಬ್ಬರ ನಂಬರೇ ಚಾಲ್ತಿಯಲ್ಲಿರಲಿಲ್ಲ. ಹಡಗಲಿಯವರು, "ನೀವs ವಾಪಸ್ ಹಾಕೀರಿ, ಈಗ ನಮ್ಮನ್ಯಾಕ್ ಕೇಳ್ತೀರಿ?" ಎಂದು ಇಟ್ಟುಬಿಟ್ಟರು.

ಒಳಗೆ ಮಗ್ಗದ ಸದ್ದು ನಿಂತಿತು. ಅಜ್ಜಯ್ಯ ದೊಡ್ಡಪ್ಪ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿ ಅಲ್ಲೇ ಕುಳಿತ.

ದೊಡ್ಡವ್ವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಷ್ಟ್ ದಿನ ಹಿಡ್ಕಂತಾನ ಅಂತ ನಾ ಕೇಳಿದ್ನಲ್ಲೋ" ಎಂದಳು. "ಅದೊಂದs ಕೇಳಿದ್ದೆ."

ಆಮೇಲೆ ಮೂಲೆಯಲ್ಲಿದ್ದ ಉಣ್ಣೆಯ ಮೂಟೆಗಳ ಕಡೆ ಒಮ್ಮೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಚನ್ನಬಸವಗ ಫೋನ್ ಹಚ್ಚು. ನೀ ಏನೂ ಮಾತಾಡಬ್ಯಾಡ, ಹಚ್ಚಿ ನನ್ನ ಕೈಯಾಗ ಕೊಡು."

ಹಚ್ಚಿ ಕೊಟ್ಟೆ.