ಎಡಗಂಬದಿಂದ ಮೂರು ಹೆಜ್ಜೆ

ದಿವಾಳಿಯೆದ್ದ ಫುಟ್‌ಬಾಲ್ ಕ್ಲಬ್ಬಿನ ಗೇಟಿಗೆ ಅಂದು ಮಧ್ಯಾಹ್ನ ಬೀಗ ಬೀಳುವುದಿತ್ತು. ಮೂವತ್ತು ವರ್ಷ ಮೈದಾನದ ಹುಲ್ಲು ನೋಡಿಕೊಂಡಿದ್ದ ಕ್ಲೆಮ್‌ನ ಬಳಿಗೆ ಮುದುಕಿ ಡೋರೀನ್ ಖಾಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಲ್ಯಾಂಕಾಶೈರಿನ ಆ ಗಿರಣಿ ಊರಿನಲ್ಲಿ ಅಭಿಮಾನಿ ಸತ್ತರೆ ಬೂದಿಯನ್ನು ಗೋಲಿನ ಹಿಂದೆ ಹೂಳುವುದು ವಾಡಿಕೆ. ಅವಳ ಗಂಡ ಸ್ಟ್ಯಾನ್‌ನ ಬೂದಿಯನ್ನು ಹೂತವನು ಕ್ಲೆಮ್‌ನೇ.

"ನನ್ನ ಗಂಡನ್ನ ಇಲ್ಲಿ ಬಿಟ್ಟು ಹೋಗಲ್ಲ ಕಣಯ್ಯ. ಇದರ ಮೇಲೆ ಅಂಗಡಿ ಕಟ್ತಾರಂತೆ. ಆ ಮನುಷ್ಯ ಬದುಕಿದ್ದಾಗ್ಲೇ ಒಂದಿನ ಅಂಗಡಿಗೆ ಬಂದೋನಲ್ಲ!"

ಕ್ಲೆಮ್‌ಗೆ ನಗು ಬರಲಿಲ್ಲ. ಸ್ಟ್ಯಾನ್ ಸತ್ತ ಎರಡು ವರ್ಷಕ್ಕೆ ಕ್ಲಬ್ಬು ಮೊದಲ ದರ್ಜೆಗೇರಿತ್ತು. ಮೈದಾನದಡಿ ಹಿಮ ಕರಗಿಸುವ ಬಿಸಿನೀರಿನ ಕೊಳವೆ ಹೂಳಲು ಹೊಸ ಮಾಲೀಕ ಸಾಲ ತಂದು, ಗೋಲಿನ ಹಿಂದಿನ ಮಣ್ಣನ್ನೂ ಬೂದಿಯ ಸಮೇತ ಅಗೆಸಿ ಲಾರಿಗಳಲ್ಲಿ ಎಲ್ಲಿಗೋ ಸಾಗಿಸಿದ್ದ. ಆ ದಿನ ಊರಿಗೂರೇ ಗೆಲುವಿನ ಮೆರವಣಿಗೆಯಲ್ಲಿ ಕುಣಿಯುತ್ತಿತ್ತು, ಕ್ಲೆಮ್ ಕೂಡ. ಮರಳಿ ಬಂದಾಗ ಅಲ್ಲಿ ಹೊಸ ಮರಳಷ್ಟೇ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಜಾಗ ಮರೆತುಬಿಟ್ಯಾ?"

"ಇಲ್ಲ ಡೋರೀನ್."

ಗೋಲಿನ ಎಡಗಂಬದಿಂದ ಮೂರು ಹೆಜ್ಜೆ ಅಳೆದು ಕ್ಲೆಮ್ ಸಲಿಕೆ ಊರಿ, ಮರಳನ್ನು ಡಬ್ಬಿಗೆ ಸುರಿದ. ತುಂಬಿದ ಡಬ್ಬಿಯನ್ನು ಅವಳು ಎದೆಗವಚಿಕೊಂಡಳು.

"ಭಾರ ಆಗಿದ್ದಾನೆ ಕಣೋ."

"ಹೂಂ," ಎಂದ ಕ್ಲೆಮ್.