ಕೆಸರಿಗೆ ಕರೆದ ಹೆಸರು

"ಏ ನಿಂಬಿ, ಎಮ್ಮಿ ಹೊಂಡಕ್ಕ ಇಳಿದಂಗ ತುಳಿಯಾಕತ್ತೀರಿ. ಇದಕ್ಕ ಕುಣಿತ ಅಂತಾರೇನ ಬೇ?"

ಅಂಗಳದ ಕೆಸರಿನಲ್ಲಿ ತಾಲೀಮು ನಡೆಸಿದ್ದ ಹೆಂಗಸರನ್ನು ನೋಡುತ್ತ ಹಣಮಂತರಾಯಗೌಡ ವಾಡೆಯ ಕಟ್ಟೆಯ ಮೇಲಿಂದಲೇ ಎಲೆಯಡಿಕೆ ಉಗುಳಿದ.

"ಈ ಗ್ವಾಡಿ ಮಣ್ಣ ನಮ್ಮವ್ವಗೋಳು ಹಿಂಗಾ ತುಳದಾರ್ರಿ. ಎಮ್ಮಿ ಆಗಿದ್ರ ಹಿಂಡಿ ಆದ್ರೂ ಸಿಗತಿತ್ತು," ಎಂದಳು ನಿಂಬೆವ್ವ. ಹೆಂಗಸರು ಸೆರಗಿನೊಳಗೆ ನಕ್ಕರು.

ನಿಜಾಮರ ಜುಬಿಲಿಗೆ ತಹಸೀಲ್ದಾರ ಬರುವವನಿದ್ದ. ವಾಡೆ ಕಟ್ಟಿದ ಕಥೆಯನ್ನು ಕುಣಿದು ತೋರಿಸಬೇಕೆಂದು ಗೌಡನ ಹುಕುಂ. ಮಣ್ಣು ತುಳಿಯುವ ಹಾಡು ಗೊತ್ತಿದ್ದದ್ದು ಕೇರಿಯ ಹೆಂಗಸರಿಗಷ್ಟೆ. ವಾಡೆಗೆ ಮಣ್ಣು ತುಳಿದವರ ಹೆಸರು ಒಂದೊಂದೇ ಕರೆಯಬೇಕು, ಕರೆಸಿಕೊಂಡವರು ಕೆಸರಿಗಿಳಿಯಬೇಕು. ಸತ್ತವರಾದರೆ ಅವರ ಮಕ್ಕಳೋ ಸೊಸೆಯೋ. ಇಳಿಯುವ ತನಕ ಹಾಡು ಮುಂದಕ್ಕೆ ಹೋಗುವುದಿಲ್ಲ. ಇದೇ ವಾಡೆಗೆ ಬಿಟ್ಟಿ ದುಡಿಯುತ್ತ ಹಸಿಗೋಡೆ ಬಿದ್ದು ಸತ್ತ ತುಳಜವ್ವ, ನಿಂಬೆವ್ವನ ತಾಯಿ, ಉಳಿದಿದ್ದು ಆ ಹಾಡಿನಲ್ಲಿ ಮಾತ್ರ.

"ಆ ರಂಡೇರ ಹೆಸರು ತಗದು ಹಾಕ್ರಿ. ಕಟ್ಟಿಸಿದಾಂವ ನಮ್ಮಪ್ಪ ಶಾಂತಲಿಂಗಪ್ಪ. ಅವನ ಹೆಸರೊಂದಾ ಬರಬೇಕು. ಇಲ್ಲಾಂದ್ರ ಗುಡಿಸಲಾ ಕಿತ್ತಕೊಂಡು ನಡೀರಿ."

ಅವ್ವನನ್ನು ಎರಡನೇ ಸಲ ಹೂಳಿದಂತಾಯಿತು. ಆದರೂ ನಿಂಬೆವ್ವ ಬಲು ವಿನಯದಿಂದ ತಲೆಯಾಡಿಸಿದಳು. "ಆಯ್ತ್ರಿ ಗೌಡ್ರ, ನಿಮ್ಮಪ್ಪಾರನ್ನಾ ಕರೀತೇವಿ."

ಜುಬಿಲಿಯ ದಿನ ಕೆಸರಿನ ಮುಂದೆ ಜಮಖಾನೆ ಹಾಸಿತ್ತು. ತಹಸೀಲ್ದಾರನ ಪಕ್ಕದ ಕುರ್ಚಿಯಲ್ಲಿ ಗೌಡ ಕೂತಿದ್ದ, ಬಿಳಿ ಧೋತರ, ಹೊಸ ಚಪ್ಪಲಿ.

"ಬಾ ಬಾ ಶಾಂತಲಿಂಗಪ್ಪ, ಮಣ್ಣಿಗಿ ಬಾ."

ಯಾರೂ ಇಳಿಯಲಿಲ್ಲ. ಹೆಂಗಸರು ಮತ್ತೆ ಕರೆದರು. ಹತ್ತು ಸಲ ಕರೆದರು. ನಿಂತಲ್ಲೇ ಹೆಜ್ಜೆ ಹಾಕುತ್ತ ಎಲ್ಲರೂ ಗೌಡನನ್ನೇ ನೋಡಿದರು.

"ಹಾಡು ಮುಂದ ಯಾಕ ಹೋಗವಲ್ದು?" ತಹಸೀಲ್ದಾರ ಕೇಳಿದ.

"ಹೆಸರು ಕರಸ್ಕೊಂಡವರು ಇಳೀಬೇಕ್ರಿ ಸಾಹೇಬ್ರ. ಸತ್ತವರಿದ್ರ ಮಕ್ಕಳು. ದೊಡ್ಡ ಗೌಡ್ರಿಗಿ ಇವರೊಬ್ಬರಾ ಮಗಾ," ಎಂದಳು ನಿಂಬೆವ್ವ.

ಸಾಹೇಬ ಮೀಸೆಯೊಳಗೆ ನಕ್ಕು ಗೌಡನ ಚಪ್ಪಲಿ ನೋಡಿದ.

"ಮುಂದ ನಡೀರಿ, ಬೋಸುಡೇರಾ," ಗೌಡ ಹಲ್ಲು ಕಡಿದ.

"ಮುಂದ ನಡೀಬೇಕಂದ್ರ ಇಳಿಯೂ ಕಾಲು ಬೇಕಲ್ರಿ." ನಿಂಬೆವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು. "ಬಾ ಬಾ ತುಳಜವ್ವ, ಮಣ್ಣಿಗಿ ಬಾ."

ಕರೆದವಳೂ ಅವಳೇ, ಇಳಿದವಳೂ ಅವಳೇ. ಸಿಡಿದ ಕೆಸರು ಜಮಖಾನೆಗೆ ಬಿತ್ತು. ಗೌಡ ಕಾಲು ಮೇಲೆತ್ತಿಕೊಂಡು ಕಣ್ಸನ್ನೆ ಮಾಡಿದ. ಇಬ್ಬರು ಆಳುಗಳು ಹಾರೆ ಹಿಡಿದು ಕೇರಿಯ ಗುಡಿಸಲುಗಳ ಕಡೆ ಹೊರಟರು.

ಕುಣಿತದ ಸಾಲಿನಲ್ಲಿದ್ದ ಮಾಣಿಕಮ್ಮ ಅವರನ್ನು ನೋಡಿದಳು. ಕಣ್ಮರೆಯಾಗುವ ತನಕ ನೋಡಿ, ಸತ್ತ ತನ್ನ ಅತ್ತೆಯ ಹೆಸರು ಕರೆದು ಕೆಸರಿಗಿಳಿದಳು.