ಹಸು ಒಪ್ಪದ ಕೋಟು

ಚಳಿಗಾಲ ಬಂತೆಂದರೆ ದರ್ಜಿಯ ಮನೆಯಲ್ಲಿ ಮನುಷ್ಯರು ಮೂವರು, ಉಳಿದವರು ನಲವತ್ತು ಮಂದಿ. ಒಂದು ಹಸು, ನಾಲ್ಕು ಮೇಕೆ, ಅವುಗಳ ಏಳು ಮರಿ, ಒಂದು ಕತ್ತೆ, ಆರು ಬಾತು, ಹತ್ತೊಂಬತ್ತು ಕೋಳಿ, ಒಂದು ನಾಯಿ, ಮತ್ತು ಯಾರು ಕರೆದರೆಂದು ಯಾರಿಗೂ ಗೊತ್ತಿಲ್ಲದ ಒಂದು ಬೆಕ್ಕು. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಬಾಗಿಲು. ಹಿಮ ಬೀಳತೊಡಗಿದ ಮೇಲೆ ಆ ಬಾಗಿಲು ಹೆಸರಿಗಷ್ಟೇ. ‘ಇವತ್ತೊಂದು ದಿನ’ ಎಂದು ಒಲೆಯ ಬಳಿ ಜಾಗ ಹಿಡಿದ ಪ್ರಾಣಿ ಹೊಲ ಹಸಿರಾಗುವ ತನಕ ಅಲ್ಲಾಡಿದ್ದು ಇಲ್ಲವೇ ಇಲ್ಲ. ದರ್ಜಿ ಇದಕ್ಕೆಲ್ಲ ಒಗ್ಗಿಹೋಗಿದ್ದ. ಅವನದು ಒಂದೇ ಕಟ್ಟುನಿಟ್ಟು: ಹೊಲಿಗೆ ಕೋಣೆಯ ಹೊಸ್ತಿಲನ್ನು ನಾಲ್ಕು ಕಾಲಿನವರು ದಾಟಕೂಡದು. ಹಿಂದೊಮ್ಮೆ ಮದುಮಗನ ಪ್ಯಾಂಟಿನ ಒಂದು ಕಾಲನ್ನು ಮೇಕೆ ತಿಂದುಹಾಕಿ, ಇನ್ನೊಂದು ಕಾಲನ್ನು ಕೈಯಲ್ಲಿ ಹಿಡಿದುಕೊಂಡು ಅವನು ಮದುವೆಮನೆಗೆ ಕ್ಷಮೆ ಕೇಳಲು ಹೋಗಬೇಕಾಗಿ ಬಂದಿತ್ತು.

ದರ್ಜಿ ಎಡಚ. ಕತ್ತರಿಯನ್ನೂ ಎಡಗೈಗೆಂದೇ ಹೇಳಿ ಮಾಡಿಸಿಕೊಂಡವನು. ಅವನ ಕೈಹೊಲಿಗೆ ಎಲ್ಲರದಕ್ಕಿಂತ ಉಲ್ಟಾ ವಾಲುತ್ತಿತ್ತು. ಸಾವಿರ ಬಟ್ಟೆಯ ನಡುವೆ ಇಟ್ಟರೂ ಗುರುತು ಹಿಡಿಯಬಹುದು. ತೋಳಿನ ಅಳತೆಯಲ್ಲಿ ತಾನು ಕೂದಲೆಳೆಯಷ್ಟೂ ತಪ್ಪಿದವನಲ್ಲ ಎಂಬುದು ಅವನ ಜಂಭ. ಕೇಳದವರಿಗೂ ಹೇಳುತ್ತಿದ್ದ.

ಇಂಥವನ ಹೆಂಡತಿ ಮೈಮೇಲೆ ಏನು ಹಾಕಿಕೊಳ್ಳುತ್ತಿದ್ದಳು? ಅದನ್ನು ಕೋಟು ಎಂದು ಕರೆಯುವುದು ಮನೆಯವರ ದೊಡ್ಡ ಮನಸ್ಸು. ಮೂಲ ಬಣ್ಣ ಯಾವುದೆಂದು ಹೇಳುವುದಕ್ಕೆ ಸಾಕ್ಷಿ ಉಳಿದಿರಲಿಲ್ಲ. ತೇಪೆಯ ಮೇಲೆ ತೇಪೆ, ಅದರ ಮೇಲೆ ಮತ್ತೊಂದು ತೇಪೆ. ಜೇಬಿನಲ್ಲಿ ಸದಾ ಒಂದು ಹಿಡಿ ಕಾಳು. ಕೊಟ್ಟಿಗೆಯ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದರೆ ತಾನೇ ಒಬ್ಬ ಮನುಷ್ಯನ ಹಾಗೆ ನಿಂತಿರುತ್ತಿತ್ತು. ಆಕೆ ಬೆಳಿಗ್ಗೆ ಸಂಜೆ ಅದನ್ನು ತೊಟ್ಟು, ಬಲತೋಳನ್ನು ಒಂದು ಮಡಿಕೆ ಮೇಲೆ ಮಡಚಿ, ಚೊಂಬು ಹಿಡಿದು ಕೊಟ್ಟಿಗೆಗೆ ಇಳಿಯುತ್ತಿದ್ದಳು. ಅದು ಮಾವನ ಕಾಲದ್ದು ಎಂದು ದರ್ಜಿ ತಾನೇ ತೀರ್ಮಾನಿಸಿಬಿಟ್ಟಿದ್ದ. ‘ಇದನ್ನ ಹೊಲಿದೋನು ದರ್ಜಿಯಲ್ಲ, ಗೋಣಿಚೀಲ ಹೊಲಿಯೋನು’ ಎಂದು ವಾರಕ್ಕೊಮ್ಮೆಯಾದರೂ ಬೈಯುತ್ತಿದ್ದ. ಆಕೆ ನಗುತ್ತ ಹಾಲು ಕರೆಯಲು ಹೋಗುತ್ತಿದ್ದಳು. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ ಅವನ ಅತ್ತೆಯೂ, ಅಂದರೆ ಹೆಂಡತಿಯ ತಾಯಿಯೂ, ನಗುತ್ತಿದ್ದರು. ಆ ನಗುವಿನಲ್ಲಿ ಏನೋ ಇದೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಬೆಂಕಿ ಹಚ್ಚಿದವನು ಅಂಚೆಯವನು. ಬೇಲಿಯ ಹತ್ತಿರ ನಿಂತಿದ್ದ ಆಕೆಯನ್ನು ತಾನು ಬೆದರುಬೊಂಬೆ ಎಂದುಕೊಂಡು ಮಾತಾಡಿಸದೆ ಬಂದೆನೆಂದು ಅವನು ಹೊಲಿಗೆ ಕೋಣೆಯಲ್ಲಿ, ನಾಲ್ಕು ಜನ ಗಿರಾಕಿಗಳ ಎದುರೇ ಹೇಳಿಬಿಟ್ಟ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ದರ್ಜಿಯ ಮೈಯೆಲ್ಲ ಉರಿದುಹೋಯಿತು.

ಹದಿನೈದು ದಿನ ಕದ್ದುಮುಚ್ಚಿ ಹೊಲಿದ. ಕಡುನೀಲಿ ಉಣ್ಣೆ, ಒಳಗೆ ರೇಷ್ಮೆಯ ಅಸ್ತರು, ಎಂಟು ಗುಂಡಿ, ಎರಡೂ ತೋಳು ಒಂದರ ಮೇಲೊಂದಿಟ್ಟರೆ ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಂಡತಿ ಶಾಲು ಹೊದ್ದು ತಂಗಿಯ ಮನೆಗೆ ಹೋದ ದಿನ ನೋಡಿ ಹಳೆಯ ಕೋಟನ್ನು ಗೂಟದಿಂದ ಇಳಿಸಿದ. ಅವಳು ಬರುವಷ್ಟರಲ್ಲಿ ಮುಗಿಸುವ ಅವಸರ. ಹೊಲಿಗೆ ಬಿಚ್ಚುವ ಗೋಜಿಗೂ ಹೋಗದೆ ದೊಡ್ಡ ಕತ್ತರಿಯಿಂದ ಬರ್‌ಬರ್ ಎಂದು ಕತ್ತರಿಸಿ, ಚಳಿಗೆ ನಡುಗುತ್ತಿದ್ದ ಏಳು ಮೇಕೆಮರಿಗಳಿಗೆ ಏಳು ಅಂಗಿ ಮಾಡಿದ. ಬೆನ್ನಿನ ಭಾಗ ಇಬ್ಬರಿಗೆ, ಎದೆಯ ಭಾಗ ಇಬ್ಬರಿಗೆ, ತೋಳು ಒಬ್ಬೊಬ್ಬರಿಗೆ ಒಂದೊಂದು. ಜೇಬು ಇದ್ದ ತುಂಡು ಎಲ್ಲರಿಗಿಂತ ಚಿಕ್ಕ ಮರಿಗೆ. ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಬಂದು ಮರಿಗಳನ್ನು ನೋಡಿದರು, ಖಾಲಿ ಗೂಟವನ್ನು ನೋಡಿದರು, ಅಳಿಯನನ್ನು ನೋಡಿದರು. ಮತ್ತೆ ಹೋಗಿ ಮಲಗಿಕೊಂಡರು.

ಹೆಂಡತಿ ಬಂದಳು. ಗೂಟದ ಮೇಲಿದ್ದ ನೀಲಿ ಕೋಟನ್ನು ಸವರಿ ನೋಡಿದಳು. ಹಳೆಯದು ಎಲ್ಲಿ ಎಂದು ಕೇಳಲೇ ಇಲ್ಲ, ಏಕೆಂದರೆ ಅದು ಏಳು ಕಡೆ ಕುಣಿಯುತ್ತಿತ್ತು. ಹೊಸದನ್ನು ತೊಟ್ಟು, ಅಭ್ಯಾಸಬಲದಿಂದ ಬಲತೋಳನ್ನು ಒಂದು ಮಡಿಕೆ ಮಡಚಿದಳು. ಅಷ್ಟು ಚೆಂದದ ಕೋಟು ಆ ಒಂದು ಮಡಿಕೆಯಿಂದ ಸೊಟ್ಟಗಾಗಿದ್ದನ್ನು ನೋಡಲಾರದೆ ದರ್ಜಿ ಮುಖ ತಿರುಗಿಸಿದ.

ಹಸುವನ್ನು ಮನೆಯಲ್ಲಿ ಮೇಡಂ ಎಂದೇ ಕರೆಯುತ್ತಿದ್ದರು. ಅದರ ಬಿಗುಮಾನವೇ ಅಂಥದ್ದು. ಮೇಡಂ ನೀಲಿ ಕೋಟನ್ನು ಮೂಸಿತು, ಇದ್ಯಾರು ಎನ್ನುವಂತೆ ನೋಡಿತು, ಚೊಂಬನ್ನು ಒದ್ದು ಗೋಡೆಗೆ ಹೊಡೆಯಿತು. ಕೋಟು ಬಿಚ್ಚಿ ಶಾಲಿನಲ್ಲಿ ಕೂತರೂ ಅಷ್ಟೇ. ಒಂಬತ್ತು ಚಳಿಗಾಲ ಅದು ಆ ಕೊಳಕು ಕೋಟಿನ ಪಕ್ಕವೇ ಹಾಲು ಕೊಟ್ಟಿತ್ತು. ಕೆಚ್ಚಲು ಸವರಿದರು, ಬೆಲ್ಲ ತಿನ್ನಿಸಿದರು, ಕಿವಿಯಲ್ಲಿ ಗೋಗರೆದರು. ಜಪ್ಪಯ್ಯ ಎಂದರೂ ಒಂದು ತೊಟ್ಟು ಬಿಡಲಿಲ್ಲ.

ಮರುದಿನ ಬೆಳಿಗ್ಗೆಯೂ ಅದೇ ಕಥೆ. ಕೆಚ್ಚಲು ಗಟ್ಟಿಯಾಗಿ, ಮುಟ್ಟಿದರೆ ಬಿಸಿ ಹತ್ತುತ್ತಿತ್ತು. ಇನ್ನೊಂದು ದಿನ ಹೀಗೆಯೇ ಆದರೆ ಕೆಚ್ಚಲುಬಾವು ಗ್ಯಾರಂಟಿ. ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ದನದ ಡಾಕ್ಟರು ನಾಲ್ಕು ದಿನ ಬರುವಂತಿರಲಿಲ್ಲ. ಹೆಂಡತಿ ಬೈದಿದ್ದರೆ ದರ್ಜಿ ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದ. ಆಕೆ ಬೈಯಲಿಲ್ಲ. ಅವನಿಗೆ ಹೇಳಬೇಕಾದ್ದನ್ನೆಲ್ಲ ತಾಯಿಯ ಮೂಲಕ ಹೇಳಿಸತೊಡಗಿದಳು. ಊಟಕ್ಕೆ ಬರಬೇಕಂತೆ, ಬಾಗಿಲು ಹಾಕಬೇಕಂತೆ, ಕತ್ತೆಯ ಬಾಯಲ್ಲಿರುವುದು ಅಳತೆ ಟೇಪಂತೆ. ಅತ್ತೆ ಪ್ರತಿ ಮಾತನ್ನೂ ಉಪ್ಪು ಖಾರ ಹಚ್ಚಿ ತಲುಪಿಸುತ್ತಿದ್ದರು.

ಅತ್ತ ಹಿತ್ತಲಲ್ಲಿ ಇನ್ನೊಂದು ರಾಮಾಯಣ. ಜೇಬಿನ ಅಂಗಿಯ ಚಿಕ್ಕ ಮರಿ ಎಲ್ಲಿ ಹೋದರೂ ಹತ್ತೊಂಬತ್ತು ಕೋಳಿ ಹಿಂದೆ ಹಿಂದೆ. ಕೋಳಿಗಳ ಹಿಂದೆ ಬಾತುಗಳು. ಮರಿ ಬೆಚ್ಚಿ ಓಡಿದರೆ ಮೆರವಣಿಗೆಯೂ ಓಡುತ್ತಿತ್ತು. ತೋಳಿನ ಅಂಗಿಯ ಮರಿಯೊಂದು ಕೊಟ್ಟಿಗೆಗೆ ನುಗ್ಗಿದಾಗ ಮೇಡಂ ಕತ್ತು ಚಾಚಿ ಅದನ್ನು ನೆಕ್ಕತೊಡಗಿತು. ಅದನ್ನು ಕಂಡವರು ಅತ್ತೆ.

“ಅಳಿಯಂದ್ರೇ, ಕೋಟು ಕತ್ತರಿಸೋಕೆ ಮುಂಚೆ ಒಗೆದ್ರಾ?” ಎಂದು ಕೇಳಿದರು.

“ಇಲ್ಲ. ಟೈಮಿರಲಿಲ್ಲ.”

“ಸದ್ಯ, ವಾಸನೆ ಹೋಗಿಲ್ಲ. ನಿಮ್ಮ ಸೋಮಾರಿತನ ನಮ್ಮನ್ನ ಬದುಕಿಸ್ತು.”

ಹೆಂಡತಿ ಆ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಚ್ಚಲಿಗೆ ಕೈಯಿಟ್ಟಳು. ಹಸು ನಿಟ್ಟುಸಿರು ಬಿಟ್ಟು ಹಾಲು ಇಳಿಸಿತು. ಚೊಂಬಿನ ತಳ ಮುಚ್ಚುವಷ್ಟು ಆಗಿತ್ತೋ ಇಲ್ಲವೋ, ಮರಿ ಅದರೊಳಗೆ ತಲೆ ತೂರಿಸಿತು. ಅಷ್ಟರಲ್ಲಿ ಜೇಬಿನ ಮರಿ ಅಣ್ಣನನ್ನು ಹುಡುಕಿಕೊಂಡು ಬಂತು. ಅದರ ಹಿಂದೆ ಕೋಳಿ, ಬಾತು, ಗಲಾಟೆ ಏನೆಂದು ನೋಡಲು ಕತ್ತೆ. ಚೊಂಬು ಮಗುಚಿತು. ಹಸು ಮತ್ತೆ ಬಿಗಿದುಕೊಂಡಿತು. ನೆಲದ ಮೇಲಿನ ಹಾಲನ್ನು ಬೆಕ್ಕು ಮಾತ್ರ ಸಮಾಧಾನವಾಗಿ ಕುಡಿಯಿತು.

ಮೈತುಂಬ ಹಾಲು, ಗರಿ, ಹುಲ್ಲು ಹತ್ತಿಸಿಕೊಂಡು ಆಕೆ ಎದ್ದಳು. ಒಂದು ದಿನದ ಮೇಲೆ ಗಂಡನ ಮುಖ ನೋಡಿ ನೇರವಾಗಿ ಮಾತಾಡಿದಳು. ಕಣ್ಣು ತುಂಬಿತ್ತು.

“ರೀ, ನನ್ನ ಕೋಟು ನಂಗೆ ಬೇಕು. ಸಾಯಂಕಾಲ ಹಾಲು ಕರೆಯೋ ಹೊತ್ತಿಗೆ.”

ದರ್ಜಿ ಏಳು ಮರಿಗಳನ್ನು ಹಿಡಿದು ಅಂಗಿ ಬಿಚ್ಚುವುದಕ್ಕೇ ಮಧ್ಯಾಹ್ನವಾಯಿತು. ಬೇರೆ ದಾರಿ ಕಾಣದೆ ಅವುಗಳನ್ನು ಹೊಲಿಗೆ ಕೋಣೆಯೊಳಗೇ ಕೂಡಿಹಾಕಿದ. ಅವನ ಕಟ್ಟುನಿಟ್ಟು ಅಲ್ಲಿಗೆ ಮುಗಿಯಿತು. ಹಳೆಯ ಕೋಟಿನ ಕಾಲರನ್ನು ಆಗಲೇ ಯಾವುದೋ ಮೇಕೆ ತಿಂದಿತ್ತು. ನೀಲಿ ಕೋಟಿನ ಕಾಲರನ್ನೇ ಬಿಚ್ಚಿ ಪಕ್ಕಕ್ಕಿಟ್ಟುಕೊಂಡ. ಆಮೇಲೆ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಅಂಚು ಕೂಡಿಸಲೆಂದು ತೇಪೆಗಳನ್ನು ಒಂದೊಂದಾಗಿ ಎತ್ತತೊಡಗಿದ. ಮೂರನೆಯ ತೇಪೆಯ ಅಡಿಯಲ್ಲಿ ಕಂದುಬಣ್ಣದ ಬಟ್ಟೆ ಕಂಡಿತು. ಆ ಬಟ್ಟೆಯ ಮೇಲೆ ಕೈಹೊಲಿಗೆ. ಹೊಲಿಗೆ ಉಲ್ಟಾ ವಾಲಿತ್ತು.

ಅವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಎಡಗೈಯ ಹೊಲಿಗೆ. ಕಸುಬು ಕಲಿಯುತ್ತಿದ್ದ ಎಳಸು ಕೈಯದು, ಆದರೂ ತನ್ನದೇ. ಮೂವತ್ತು ವರ್ಷದ ಹಿಂದೆ, ಮದುವೆ ಗೊತ್ತಾದ ಹೊಸದರಲ್ಲಿ, ಹೆಂಡತಿಯಾಗುವವಳಿಗೆಂದು ಹೊಲಿದುಕೊಟ್ಟ ಕಂದು ಕೋಟು. ಅವನು ಹೊಲಿದ ಮೊಟ್ಟಮೊದಲ ಕೋಟು. ಅದು ಎಂದೋ ಹರಿದು ಮಣ್ಣುಪಾಲಾಯಿತೆಂದು ತಿಳಿದಿದ್ದ. ಎರಡು ತೋಳುಗಳನ್ನು ಪಕ್ಕ ಪಕ್ಕ ಇಟ್ಟು ಅಳೆದ. ಬಲತೋಳು ಎರಡು ಬೆರಳು ಹೆಚ್ಚು ಉದ್ದ. ಮೂವತ್ತು ವರ್ಷ ಅವಳು ಮಡಚಿದ್ದು ಅವನ ತಪ್ಪನ್ನು.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಇಷ್ಟು ವರ್ಷದಿಂದ ಬಾಯಿಗೆ ಬಂದ ಹಾಗೆ ಬೈತಾ ಇದ್ದೆನಲ್ಲ, ಅತ್ತೆ. ಒಂದು ಮಾತು ಹೇಳಬಾರದಿತ್ತಾ?”

“ನಾನು ಹೇಳ್ತೀನಿ ಅಂದೆ. ಅವಳೇ ಬೇಡ ಅಂದ್ಲು. ಗೊತ್ತಾದ್ರೆ ತಕ್ಷಣ ಬಿಚ್ಚಿ ಸರಿ ಮಾಡ್ತಾರಮ್ಮಾ, ನಂಗೆ ಇದೇ ಸರಿ, ಅಂದ್ಲು.”

ದರ್ಜಿ ಸೂಜಿ ಕೈಗೆತ್ತಿಕೊಂಡ. ಒಂದು ಮೇಕೆಮರಿ ಅವನ ಸೀಮೆಸುಣ್ಣ ತಿನ್ನುತ್ತಿತ್ತು, ತಿನ್ನಲಿ ಎಂದು ಬಿಟ್ಟ. ತಲೆಯೆತ್ತದೆ ಹೊಲಿಯುತ್ತಾ ಹೋದ. ಬೆನ್ನು ಕೂಡಿಸಿದ, ಎದೆ ಕೂಡಿಸಿದ, ಜೇಬನ್ನು ಕಾಳಿನ ಸಮೇತ ಇದ್ದಲ್ಲಿಗೇ ಹಚ್ಚಿದ. ಕೊನೆಗೆ ತೋಳುಗಳು. ಬಲತೋಳಿನ ಎರಡು ಬೆರಳಗಲದ ಮೇಲೆ ಕತ್ತರಿ ಇಟ್ಟ; ಕೈ ತಾನಾಗಿಯೇ ಹೋಗಿತ್ತು. ಆದರೆ ಕತ್ತರಿಸದೆ ಅದನ್ನು ತೆಗೆದು ಮೇಜಿನ ಆ ತುದಿಗೆ ಇಟ್ಟುಬಿಟ್ಟ.

ಸೂರ್ಯ ಬೇಲಿಯ ಹಿಂದಕ್ಕೆ ಸರಿಯುವ ಹೊತ್ತಿಗೆ ಕೋಟು ಗೂಟಕ್ಕೆ ಬಂತು. ಮೊದಲಿಗಿಂತಲೂ ವಿಕಾರವಾಗಿತ್ತು, ಮೈತುಂಬ ಹೊಲಿಗೆಯ ಗೆರೆ, ಮೇಲೆ ನೀಲಿ ಕಾಲರು. ಹೆಂಡತಿ ತೊಟ್ಟಳು. ಬಲತೋಳನ್ನು ಮಡಚಲು ಹೋಗಿ ಕೈ ತಡೆದಳು. ಅಲ್ಲಿ ಮಡಚುವುದಕ್ಕೆ ಇನ್ನೂ ಎರಡು ಬೆರಳಿತ್ತು. ಗಂಡನ ಕಡೆ ನೋಡಿದಳು. ಅವನು ಮೇವಿನ ಬುಟ್ಟಿಯಲ್ಲಿ ಏನನ್ನೋ ಹುಡುಕುತ್ತಿರುವವನಂತೆ ಬಗ್ಗಿದ್ದ.

“ಒಳ್ಳೇ ಹೊಲಿಗೆ,” ಎಂದಳು.

“ಗೋಣಿಚೀಲ ಹೊಲಿಯೋನದು,” ಎಂದ.

ಮೇಡಂ ಕೋಟನ್ನು ಮೂಸಿತು. ಕಾಲರಿನ ಬಗ್ಗೆ ಸ್ವಲ್ಪ ಯೋಚಿಸಿತು. ಆಮೇಲೆ ಚೊಂಬಿನೊಳಗೆ ಹಾಲು ಸುರಿಯುವ ಸದ್ದು ಕೇಳಿಸಿತು. ದರ್ಜಿ ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದ, ಹೊಲಿಗೆ ಕೋಣೆಯಲ್ಲಿ ಏಳು ಬರಿಮೈ ಮರಿಗಳು ಮನೆ ಹಾರಿಹೋಗುವಂತೆ ಅರಚುತ್ತಿದ್ದರೂ.

ದಾರಿ ತೆರೆದ ಮೇಲೆ ಅಂಚೆಯವನು ಬಂದ. ಹಿತ್ತಲಲ್ಲಿ ಏಳು ಮೇಕೆಮರಿಗಳು ರೇಷ್ಮೆ ಅಸ್ತರಿನ ಕಡುನೀಲಿ ಉಣ್ಣೆಯ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು ಓಡಾಡುತ್ತಿದ್ದವು. ಬೇಲಿಯ ಬಳಿ ಆ ಕೋಟು ನಿಂತಿತ್ತು. ಈ ಸಲ ಅವನು ನಮಸ್ಕಾರ ಹೇಳಿಯೇ ಒಳಗೆ ಬಂದ. ಆದರೂ ಬಾಯಿ ಸುಮ್ಮನಿರಬೇಕಲ್ಲ. ಹೊಲಿಗೆ ಕೋಣೆಯಲ್ಲಿ ಗಿರಾಕಿಗಳಿದ್ದರು.

“ಅಲ್ಲಾ ಯಜಮಾನ್ರೇ, ಅಮ್ಮಾವ್ರ ಆ ಕೋಟು ಹೊಲಿದ ಪುಣ್ಯಾತ್ಮ ಯಾರು?”

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ಪೋಣಿಸಿ ಮುಗಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ನಾನೇ. ಎರಡು ಸಲ.”